ಹೋಲ್ಡಾನ್ ಅಂದ ಆ ಚಳಿಗಾಲ

ಮೊನ್ನೆ ಸಂಕ್ರಾಂತಿ ಮುಂದ ಮುಂಡರಗಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗ ಒಬ್ಬಾಕಿ ಎಳೀ ಜ್ವಾಳದ ತೆನಿ ಸುಟ್ಟು ಸೀತನಿ ಉದುರಿಸ್ತಿದ್ಲು. ಆ ಹೊಗಿ ಮೂಗಿಗೆ ಬಂತು. ಅಷ್ಟರಾಗ ಗದಗ ಬಸ್ಸು ಹಿಂದ ಸರಿಯಾಕ ಹತ್ತಿದ್ದು ನೋಡಿ ಯಾರೋ "ಹೋಲ್ಡಾನ್!" ಅಂತ ಒದರಿದ್ರು, ಬಸ್ಸು ಗಕ್ಕನ ನಿಂತಿತು. ಸೀತನಿ ವಾಸನಿ, ಹೋಲ್ಡಾನ್ ಅನ್ನೋ ಕೂಗು, ಎರಡೂ ಕೂಡಿ ಬಂದ್ರ ನನಗ ಇವತ್ತಿಗೂ ಒಬ್ಬಾಕಿ ನೆನಪಾಗ್ತಾಳ. ಕೂದಲ ಬೆಳ್ಳಗಾದ್ವು, ಪೆನ್ಶನ್ ಬರಾಕ ಹತ್ತೇತಿ, ಆದ್ರ ಹೊಟ್ಟಿಕಿಚ್ಚಿಗೆ ರಿಟೈರ್‌ಮೆಂಟ್ ಇಲ್ಲ ನೋಡ್ರಿ.

ಆಕಿ ಹೆಸರು ಮೆಹರುನ್ನಿಸಾ. ಲಕ್ಷ್ಮೇಶ್ವರದಾಕಿ, ಬಸ್ ಕಂಡಕ್ಟರನ ಮಗಳು. ನಾವು ಮೆಹರ್ ಅಂತಿದ್ವಿ.

ಎಂಬತ್ತರ ದಶಕದ ಕಡೀ ವರ್ಷಗಳು. ಗದಗಿನ ಒಂದು ಧರ್ಮಾರ್ಥ ಕಣ್ಣಿನ ದವಾಖಾನಿಗೆ ಯಾರೋ ಪುಣ್ಯಾತ್ಮರು ಕಂಪ್ಯೂಟರ್ ದಾನ ಕೊಟ್ಟಿದ್ರು. ಅದನ್ನ ಮುಟ್ಟಾಕ ದವಾಖಾನಿಯವರಿಗೆ ಅಂಜಿಕಿ. ಮ್ಯಾಲ ಬಿಳೇ ಬಟ್ಟಿ ಹೊಚ್ಚಿ, ಊದಿನಕಡ್ಡಿ ಹಚ್ಚಿ ಇಟ್ಟಿದ್ರು. ಅದನ್ನ ನಡಸಾಕ ಹುಬ್ಬಳ್ಳಿಯಾಗ ಕೋರ್ಸ್ ಮಾಡಿದ್ದ ಇಬ್ಬರು ಹುಡುಗ್ಯಾರನ್ನ ತಗೊಂಡ್ರು. ಒಬ್ಬಾಕಿ ಆಕಿ, ಇನ್ನೊಬ್ಬಾಕಿ ನಾನು, ಸರೋಜಾ. ಚಳಿಗಾಲದ ಶಿಬಿರ ಮುಗಿಯೂತನಕ ಇಬ್ಬರೂ ಇರಬೇಕು, ಆಮ್ಯಾಲ ಒಬ್ಬಾಕಿನ್ನ ಕಾಯಂ ಮಾಡ್ತೀವಿ ಅಂತ ದೊಡ್ಡ ಡಾಕ್ಟರು ಮೊದಲನೇ ದಿನಾನ ಹೇಳಿಬಿಟ್ರು.

ನನಗ ಆ ಕಾಯಂ ನೌಕರಿ ಬೇಕಾಗಿತ್ತು. ಬರೇ ನೌಕರಿ ಅಂತ ತಿಳಕೋಬ್ಯಾಡ್ರಿ. ನಮ್ಮದು ತ್ರಿಕೂಟೇಶ್ವರ ಗುಡಿ ಕಡೆ ಮನಿ. ಮನೆತನದಾಗ ಗುಡಿ ಪೂಜಿ, ಅಪ್ಪ ಗಣಿತದ ಮಾಸ್ತರ. ಶಿರಹಟ್ಟಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಏನ್ ಕೆಟ್ಟಾಂವ ಅಲ್ಲ ಅಂತಿದ್ರು, ನನಗ ಮಾತ್ರ ಆಗ ಮದುವಿ ಬ್ಯಾಡಾಗಿತ್ತು. "ನೌಕರಿ ಕಾಯಂ ಆದ್ರ ಎರಡು ವರ್ಷ ಬಿಡೂಣು. ಆಗದಿದ್ರ ಸಂಕ್ರಾಂತಿ ಆದಮ್ಯಾಲ ಅವರನ್ನ ಕರಸೂದು," ಅಂತ ಅಪ್ಪ ಅವ್ವಗ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನನಗ ಯಾರೂ ಹೇಳಿರಲಿಲ್ಲ. ನಾ ಮಾತ್ರ ಅವ್ವನ ಮುಂದ "ನನಗ ಈಗ ಬ್ಯಾಡವ್ವಾ" ಅಂತ ಅಂದಿದ್ದೆ. ಅವ್ವ ರೊಟ್ಟಿ ಬಡಕೋತ "ಆತು ಆತು, ಮೊದಲ ಊಟಾ ಮಾಡು" ಅಂದಿದ್ಲು.

ದವಾಖಾನಿ ಕೆಲಸ ಏನಂದ್ರ, ದೀಪಾವಳಿ ಆದಮ್ಯಾಲ ಪೊರಿ ಆಪರೇಶನ್ ಮಾಡಿಸಿಕೊಂಡ ಮುದುಕ ಮುದುಕ್ಯಾರಿಗೆ ಸಂಕ್ರಾಂತಿ ಹೊತ್ತಿಗೆ ಚಷ್ಮಾ ಹಂಚೋದು. ಒಬ್ಬೊಬ್ಬರ ಕಾರ್ಡಿನ್ಯಾಗ ಡಾಕ್ಟರು ನಂಬರ ಬರದಿರ್ತಾರ. ನಾವು ಕಾರ್ಡ್ ನೋಡಿ ಕಂಪ್ಯೂಟರಿಗೆ ತುಂಬಬೇಕು, ಅದು ಹೆಸರು, ಊರು, ನಂಬರ ಇರೋ ಒಂದು ಚೀಟಿ ಛಾಪಸಬೇಕು. ಕಂಪೌಂಡರ್ ಬಸಪ್ಪ ಆ ಚೀಟಿ ನೋಡಿ ಪೆಟ್ಟಿಗ್ಯಾಗಿಂದ ಆ ನಂಬರಿನ ಚಷ್ಮಾ ತೆಗೆದು ಕೊಡಬೇಕು. ಇಷ್ಟ. ಆದ್ರ ಕಂಪ್ಯೂಟರಿಗೆ ಯಾವ ಕೆಲಸ ಹೇಳಿದ್ರೂ ಒಂದಿಲ್ಲೊಂದು ಕೆಡತೈತಿ. ಫ್ಲಾಪಿ ಓದಂಗಿಲ್ಲ, ಪ್ರಿಂಟರಿನಾಗ ಕಾಗದ ಸಿಕ್ಕೊಂತೈತಿ, ಕಾರ್ಡಿನಾಗ ನಂಬರ ಬರದ ಇರಂಗಿಲ್ಲ. ಕೆಟ್ಟಾಗ ಏನು ಮಾಡಬೇಕು ಅನ್ನೋದನ್ನ ಮೊದಲ ವಿಚಾರ ಮಾಡಿ ಬರಿಯೋದ ಪ್ರೋಗ್ರಾಂ ಬರಿಯೋರ ಅರ್ಧ ಕೆಲಸ. ನಮ್ಮಿಬ್ಬರ ಜಗಳ ಹತ್ತಿದ್ದೂ ಅಲ್ಲೇ.

ನನ್ನ ಪದ್ಧತಿ ನಮ್ಮ ಮನಿ ಪದ್ಧತಿ. ನಮ್ಮನಿಯೊಳಗ ಗಿರಣಿಗೆ ಕಳಿಸಲಿ, ಗುಡಿಗೆ ಎಣ್ಣಿ ಕೊಟ್ಟು ಬಾ ಅನ್ನಲಿ, ತಿರುಗಿ ಬಂದು ಹೊಸ್ತಲದಾಗ ನಿಂತು "ಆತ್ರಿ" ಇಲ್ಲಾ "ಆಗ್ಲಿಲ್ರಿ" ಅಂತ ಹೇಳಬೇಕು. ಕಳಿಸಿದವರು ಕೇಳಿ, ಮುಂದಿನ ಕೆಲಸ ಹೇಳಬೇಕು. ನನ್ನ ಪ್ರೋಗ್ರಾಮಿನಾಗೂ ಹಂಗ. ಒಂದೊಂದು ಸಣ್ಣ ಕೆಲಸಾನೂ ಮುಗಿಸಿ ಬರುವಾಗ ಕೈಯಾಗ ಒಂದು ಉತ್ತರ ಹಿಡಕೊಂಡು ಬರಬೇಕು: ಆಗಿದ್ರ ಸೊನ್ನಿ, ಆಗದಿದ್ರ ಒಂದು. ನಾನು ಪ್ರತಿ ಸರ್ತಿ ಆ ಉತ್ತರ ನೋಡಿನ ಮುಂದ ಹೆಜ್ಜಿ ಇಡತಿದ್ದೆ. ಉದ್ದ ಆಕ್ಕಿತ್ತು ಖರೆ. ಮೂರು ಸಾಲಿನ ಕೆಲಸಕ್ಕ ಒಂಬತ್ತು ಸಾಲು. ಆದ್ರ ಎಲ್ಲಿ ಏನು ಕೆಡಬಹುದು ಅನ್ನೋದು ಅಲ್ಲಲ್ಲೇ ಕಣ್ಣಿಗೆ ಕಾಣತಿತ್ತು.

ಮೆಹರಂದು ಹಂಗಲ್ಲ. ಮ್ಯಾಲ ಒಂದ ಸಾಲು, ಆನ್ ಎರರ್ ಗೋಟು. ಅಂದ್ರ, ಎಲ್ಲೇ ಏನೇ ಕೆಡಲಿ, ಕೈಯಾಗಿನ ಕೆಲಸ ಅಲ್ಲೇ ಬಿಟ್ಟು, ಕಡೀಕ ಬರದಿಟ್ಟ ಆ ಒಂದು ಜಾಗಕ್ಕ ಸೀದಾ ಹಾರು ಅಂತ. ಈಗಿನ ಹುಡುಗರು ಇದಕ್ಕ ಎಕ್ಸೆಪ್ಷನ್ ಅಂತಾರ, ನಮಗ ಆಗ ಆ ಹೆಸರೂ ಗೊತ್ತಿರಲಿಲ್ಲ. ಆ ಒಂದು ಸಾಲು ಬರದ ಮ್ಯಾಲ ಆಕಿ ಪ್ರೋಗ್ರಾಂ ಸುಸೂತ್ರ ಹೋಗತಿತ್ತು: ಕಾರ್ಡ್ ತಗೋ, ಹೆಸರು ತಗೋ, ನಂಬರ ತಗೋ, ಛಾಪ್ಸು. ಓದಾಕ ಎಷ್ಟು ಚಂದ ಅಂದ್ರ, ನನಗ ಓದಿದಾಗೆಲ್ಲಾ ಸಿಟ್ಟು ಬರತಿತ್ತು.

ಒಂದಿನ ಮಧ್ಯಾಹ್ನ ದವಾಖಾನಿ ಕಟ್ಟಿ ಮ್ಯಾಲ ಬುತ್ತಿ ಬಿಚ್ಚಿಕೊಂಡು ಕುಂತಾಗ ಕೇಳೇಬಿಟ್ಟೆ.

"ಅಲ್ಲ ಮೆಹರ್, ನಿನ್ನ ಪ್ರೋಗ್ರಾಂ ಯಾವ ಸಾಲಿನಿಂದ ಯಾವಾಗ ಹಾರತೈತಿ ಅಂತ ಓದೋರಿಗೆ ಹೆಂಗ ತಿಳೀಬೇಕು?"

"ಯಾಕ ತಿಳೀಬೇಕು? ನಮ್ಮಪ್ಪನ ಬಸ್ಸು ನೋಡಿಲ್ಲೇನ್ ಸರೋಜಾಬಾಯಿ? ಲಕ್ಷ್ಮೇಶ್ವರದಿಂದ ಗದಗಿನತನಕ ಡ್ರೈವರ ಚಿಂತಿ ಇಲ್ಲದ ಹೊಡಕೊಂಡು ಹೊಕ್ಕಾನ. ಏನರ ಆದ್ರ ಯಾರರ 'ಹೋಲ್ಡಾನ್' ಅಂತಾರ. ಹಿಂದಿನ ಸೀಟಿನ ಮುದುಕ ಒದರಿದ್ರೂ ಬಸ್ ನಿಲ್ಲಬೇಕು. ನೀ ಹೇಳಿದಂಗ ಮಾರು ದೂರಕ್ಕೊಮ್ಮೆ 'ಎಲ್ಲಾ ಬರೋಬ್ಬರಿ ಐತೇನ್ರಿ' ಅಂತ ಕೇಳಕೋತ ಹೊಂಟ್ರ ಗದಗ ಮುಟ್ಟೂದು ಯಾವಾಗ?"

"ಮತ್ತ ಸ್ಟಾಪಿನಾಗ ನಿಮ್ಮಪ್ಪ 'ರೈಟ್' ಅನ್ನೂತನಕ ಡ್ರೈವರ ಬಸ್ ಬಿಡತಾನೇನು? ಅದು ಕೇಳೂದಲ್ಲೇನು?"

ಮೆಹರ್ ನಗಾಕ ಹತ್ತಿದ್ಲು. "ಅರೆ, ಸ್ಟಾಪಿನಾಗ ಖರೆ. ನೀ ಹೆಜ್ಜಿಗೊಂದು ಸ್ಟಾಪ್ ಮಾಡಿ ಕುಂತೀಯಲ್ಲ!"

ಬಾಜೂಕ ಚಾ ಕುಡಿಯಾಕ ಹತ್ತಿದ್ದ ನರ್ಸ್‌ಬಾಯಾರು, ಬಸಪ್ಪ, ಎಲ್ಲಾರೂ ಘೊಳ್ ಅಂತ ನಕ್ರು. ನಾ ಬುತ್ತಿ ಮುಚ್ಚಿಬಿಟ್ಟೆ. ಆಕಿಗಿದ್ದದ್ದು ಆ ದನಿ ನೋಡ್ರಿ. ಆಕಿ ಮಾತಾಡಿದ್ರ ಜನ ಕೈಯಾಗಿನ ಕೆಲಸ ಬಿಟ್ಟು ಕೇಳತಿದ್ರು. ನಾ ಅದೇ ಮಾತು ಅಂದ್ರ "ಏನಂದಿ?" ಅಂತ ಮತ್ತೊಮ್ಮೆ ಕೇಳೋರು, ಇಲ್ಲಾ ಕೇಳಿದಂಗ ಮಾಡಿ "ಹೂಂ ಹೂಂ" ಅನ್ನೋರು. ಆಕಿ ಸೆರಗಿಗೆ, ಉದ್ದನ ಹೆರಳಿಗೆ ನಾ ಹೊಟ್ಟಿ ಉರಕೊಳ್ಳಲಿಲ್ಲ. ಆಕಿ ಬಾಯಿಗೆ ಉರಕೊಂಡೆ.

ಅದರ ಮ್ಯಾಲ ನಮ್ಮಪ್ಪನೂ ಉಪ್ಪು ಸುರವಿದ. ಒಂದು ರವಿವಾರ ಮೆಹರ್ ನಮ್ಮನಿಗೆ ಬಂದಿದ್ಲು. ಅವ್ವ ಸಜ್ಜಿ ರೊಟ್ಟಿ, ಎಣಗಾಯಿ ಕೊಟ್ಲು. ಅಪ್ಪಗ ಕಂಪ್ಯೂಟರ್ ಅಂದ್ರ ಕುತೂಹಲ, ಇಬ್ಬರ ಪ್ರೋಗ್ರಾಮಿನ ಕಾಗದಾನೂ ಇಸಗೊಂಡು ಕಿಟಕಿ ಬೆಳಕಿಗೆ ಹಿಡಿದು ಓದಿದ. ನನ್ನ ಕಾಗದ ಅರ್ಧಕ್ಕ ಮಡಚಿಟ್ಟು, ಆಕೀದನ್ನ ಮತ್ತೊಮ್ಮೆ ಓದಿ, "ಎಷ್ಟು ನೀಟ ಬರದೀಯವ್ವಾ ಮಗಳ! ಲೆಕ್ಕ ಬಿಡಿಸಿದ್ರ ಹಿಂಗ ಬಿಡಸಬೇಕು ನೋಡು," ಅಂದ. ಮಗಳ ಅಂದ! ಗಣಿತದಾಗ ನನಗ ತೊಂಬತ್ತರ ಮ್ಯಾಲ ಬಂದಾಗ "ಉಳಿದದ್ದು ಎಲ್ಲಿ ಹೋತು?" ಅಂತ ಕೇಳಿದ್ದ ಅಪ್ಪ ಅಂವ. ಅವತ್ತ ನಾ ಅಡಗಿ ಮನ್ಯಾಗ ಹೋಗಿ, ಒಲಿ ಊದೂ ನೆವದಾಗ ಕಣ್ಣೀರು ತೆಗೆದೆ. ಮೆಹರ್ ಹೋಗುವಾಗ "ನಿಮ್ಮಪ್ಪ ಎಷ್ಟು ಚೊಲೋ ಮನಷ್ಯಾ ಲೇ" ಅಂದ್ಲು. ಹೌದ ತಾಯಿ, ನಿನಗ ಚೊಲೋ.

ಪುಷ್ಯ ಮಾಸದಾಗ ಮುಂಡರಗಿ ಶಿಬಿರ ಬಂತು. ಥಂಡಿ ಗಾಳಿ ಹೆಂಗ ಬೀಸತಿತ್ತು ಅಂದ್ರ, ಶಾಲಿ ಮೈದಾನದಾಗ ಕಟ್ಟಿದ್ದ ಪೆಂಡಾಲಿನ ಬಟ್ಟಿ ದಿನಪೂರ್ತಿ ಪಟಪಟ ಬಡಕೋತ ಇತ್ತು, ಹೊರಗ ಸೀತನಿ ಸುಡೂ ಹೊಗಿ ಒಳಗ ಬರತಿತ್ತು. ಕಂಪ್ಯೂಟರನ್ನ ಬಾಣಂತಿನ್ನ ಕರಕೊಂಡು ಬಂದಂಗ ಎರಡು ಕೌದಿ ಸುತ್ತಿ ಜೀಪಿನಾಗ ತಂದಿದ್ರು. ದೊಡ್ಡ ಡಾಕ್ಟರು ಇಬ್ಬರನ್ನೂ ಕರದು, "ಮುಂಜಾನಿ ಮುಂಡರಗಿ ಮಂದಿ ಕಾರ್ಡು ಮೆಹರ್ ಪ್ರೋಗ್ರಾಮಿನಾಗ, ಊಟಾ ಆದಮ್ಯಾಲ ಡಂಬಳದ ಮಂದೀದು ಸರೋಜಾನ ಪ್ರೋಗ್ರಾಮಿನಾಗ. ನೋಡೂಣು ಯಾರದು ಹೆಂಗ ಓಡತೈತಿ," ಅಂದ್ರು. ನೌಕರಿ ಯಾರಿಗೆ ಅನ್ನೋದು ಅವತ್ತ ತೀರ್ಮಾನ ಆಕ್ಕೈತಿ ಅಂತ ಇಬ್ಬರಿಗೂ ತಿಳೀತು.

ಮುಂಜಾನಿ ಮೆಹರಳ ಪ್ರೋಗ್ರಾಂ ಚೊಲೋ ಶುರು ಆತು, ಮತ್ತ ನಿಂತಿತು. ಟುಂಯ್ ಅಂತ ಕೂಗಿ, ಪರದಿ ಮ್ಯಾಲ ಇಂಗ್ಲಿಷ್ ಅಕ್ಷರದಾಗ "ಹೋಲ್ಡಾನ್" ಅಂತ ತೋರಿಸಿ ಕುಂತುಬಿಟ್ಟಿತು. ಒಬ್ಬ ಮುದುಕನ ಕಾರ್ಡಿನಾಗ ನಂಬರಿನ ಜಾಗ ಖಾಲಿ ಇತ್ತು, ಅಂವ ಅಳತಿಗೆ ಬಂದಿರಲೇ ಇಲ್ಲ. ಅದನ್ನ ಸರಿ ಮಾಡೂತನಕ ಮುಂದಿನ ಒಂದು ಚೀಟೀನೂ ಬರಂಗಿಲ್ಲ. ಮೆಹರ್ ಎದ್ದು ನಿಂತು ಪೆಂಡಾಲಿಗೆಲ್ಲಾ ಕೇಳೂ ಹಂಗ "ಹೋಲ್ಡಾನ್ ಆಗೇತ್ರಿ ಡಾಕ್ಟರ್ ಸಾಹೇಬ್ರ, ಬರ್ರಿ!" ಅಂತ ಒದರಿದ್ಲು. ಡಾಕ್ಟರು ಕೈಯಾಗಿನ ಕೆಲಸ ಬಿಟ್ಟು ಬಂದು, ಮುದುಕನ ಕಣ್ಣು ಅಳದು, ನಂಬರ ಹೇಳಿ ಹೋದ್ರು. ಸ್ವಲ್ಪ ಹೊತ್ತಿಗೆ ಮತ್ತ ಟುಂಯ್. ಮತ್ತ "ಹೋಲ್ಡಾನ್ ಆಗೇತ್ರಿ!" ಪಾಳೇದಾಗ ಕುಂತ ಮಂದಿ ಗೊಣಗಾಕ ಹತ್ತಿದ್ರು, ಡಾಕ್ಟರ ಮಾರಿ ಕೆಂಪಗಾತು. ಮೆಹರ್ ಮಾತ್ರ ನಕ್ಕೋತ ಎಲ್ಲಾರಿಗೂ ಸಮಾಧಾನ ಹೇಳಕೋತ ಇದ್ಲು. ಸುಳ್ಳ ಯಾಕ ಹೇಳಲಿ, ಆ ಟುಂಯ್ ಕೇಳಿದಾಗೊಮ್ಮೆ ನನಗ ಸಕ್ಕರಿ ಬಾಯಾಗ ಹಾಕಿದಂಗ ಆಕ್ಕಿತ್ತು.

ಊಟಾ ಆದಮ್ಯಾಲ ನನ್ನ ಪಾಳಿ. ನನ್ನದು ಒಮ್ಮೆಯೂ ನಿಲ್ಲಲಿಲ್ಲ. ನಂಬರ ಇಲ್ಲದ ಕಾರ್ಡ್ ನನಗೂ ಬಂದ್ವು, ನನ್ನ ಪ್ರೋಗ್ರಾಂ ಅದಕ್ಕ ತಯಾರಿತ್ತು. ನಂಬರ ಓದೂ ಕೆಲಸ "ಆಗಿಲ್ಲ" ಅಂತ ಉತ್ತರ ತಂದ್ರ, ಚೀಟಿ ಮ್ಯಾಲ ನಂಬರಿನ ಜಾಗದಾಗ "ನೋಡಿ" ಅಂತ ಛಾಪಿಸಿ ಮುಂದಿನವರ ಕಡೆ ಹೊಕ್ಕಿತ್ತು. ಆ ಚೀಟಿ ಬಂದವರನ್ನ ಡಾಕ್ಟರ ಕಡೆ ಕಳಸಬೇಕು ಅಂತ ಬಸಪ್ಪಗ ಮುಂಜಾನೇನ ಹೇಳಿದ್ದೆ. "ಆತ್ರಿ ಬಾಯಾರ" ಅಂದಿದ್ದ. ಚೀಟಿ ಚರಚರ ಬಂದು, ಪಾಳೆ ಕರಗಿ, ಹೊತ್ತು ಇರೂದರಾಗ ಕೆಲಸ ಮುಗೀತು. ಡಾಕ್ಟರು ನನ್ನ ಬೆನ್ನು ತಟ್ಟಿ, "ಶಾಣ್ಯಾ ಇದ್ದಿ ತಂಗಿ!" ಅಂದ್ರು. ಮೆಹರ್ ಅಲ್ಲೇ ನಿಂತಿದ್ಲು. ಆಕಿ ಕೇಳ್ಯಾಳೋ ಇಲ್ಲೋ ಅಂತ ನಾ ಹೊಳ್ಳಿ ನೋಡಿದೆ. ಕೇಳಿದ್ಲು.

ಸಂಜಿ ಮುಂದ ನಾವು ಮೂವರೂ, ನಾ, ಮೆಹರ್, ಬಸಪ್ಪ, ಗದಗ ಬಸ್ ಹತ್ತಿದ್ವಿ. ಡಾಕ್ಟರು ಸಾಮಾನು ಹೇರಿಕೊಂಡು ಜೀಪಿನಾಗ ಹಿಂದಿಂದ ಬರೋರಿದ್ರು. ನನ್ನ ಬಾಜೂಕ ಡಂಬಳದ ಒಬ್ಬ ಮುದುಕಿ ಕುಂತಿದ್ಲು. ಹೊಸ ಚಷ್ಮಾ, ದಪ್ಪ ಗಾಜು. ಕೈಯಾಗ ಚೀಟಿ ಗಟ್ಟಿಯಾಗಿ ಹಿಡಕೊಂಡಿದ್ಲು. ಹೊಟ್ಟಿತುಂಬ ಖುಷಿ ಇತ್ತಲ್ಲ, ನನ್ನ ಪ್ರೋಗ್ರಾಂ ಛಾಪಿಸಿದ ಚೀಟಿ ಅಂತ ಬಗ್ಗಿ ನೋಡಿದೆ. "ನೋಡಿ" ಅಂತ ಇತ್ತು.

"ಯವ್ವಾ, ನಿನ್ನ ಕಣ್ಣು ಡಾಕ್ಟರು ಅಳದ್ರೇನು?"

"ಇಲ್ಲವ್ವಾ. ಕಂಪೌಂಡರ ಸಾಹೇಬ್ರು ಇದನ್ನ ಕೊಟ್ರು."

"ಕಾಣಸ್ತೈತೇನು?"

"ಹೂನವ್ವಾ, ಆತು. ಭಾಳ ಚೊಲೋ ಆತು," ಅಂತ ಆಕಿ ಕೈ ಮುಗದ್ಲು, ನನ್ನ ಮಾರಿ ಬಿಟ್ಟು ಕಿಟಕಿ ಕಡೆ. ನಮ್ಮ ಕಡೆ ಮಂದಿ ಹಂಗ. ಪುಕ್ಕಟೆ ಕೊಟ್ಟಾರ, ದೊಡ್ಡವರು ಕೇಳ್ಯಾರ ಅಂದಮ್ಯಾಲ ಕತ್ತಲ ಕಂಡ್ರೂ "ಆತ್ರಿ" ಅಂತಾರ.

ನಾ ಮುಂದಿನ ಸೀಟಿನ ಬಸಪ್ಪಗ, "ಬಸಪ್ಪಾ, ಈ ಯವ್ವಂದು ನಂಬರ ಆಗಿಲ್ಲರಿ. ಚೀಟಿ ಮ್ಯಾಲ ನೋಡಿ ಅಂತ ಐತಿ," ಅಂದೆ.

"ಅಂಥವು ಒಂದಿಷ್ಟು ಇದ್ದೂರಿ. ಪೊರಿ ತೆಗದವರಿಗೆ ಎಲ್ಲಾರಿಗೂ ಹೆಚ್ಚುಕಡಿಮಿ ಹತ್ತರ ನಂಬರ ಆಕ್ಕೈತಿ, ಅದನ್ನ ಕೊಟ್ಟೇನಿ."

"ಹಂಗ ಕೊಡಬಾರದ್ರಿ."

"ಆತ್ ಬಿಡ್ರಿ ಬಾಯಾರ, ನಾಳಿ ನೋಡೂಣು."

ಮತ್ತೊಮ್ಮೆ ಹೇಳಿದೆ. "ಹೂಂ" ಅಂದ. ಡಂಬಳ ಬಂತು. ಮುದುಕಿ ಇಳದ್ಲು. ಊರು ಒಂದು ಕಡೆ, ಕೆರಿ ಒಂದು ಕಡೆ. ಮುದುಕಿ ಕೈಯಿಂದ ಗಾಳಿ ಸವರಿಕೋತ ಕೆರಿ ಕಡೆ ಹೊಂಟಿದ್ಲು. ಕಂಡಕ್ಟರ್ "ರೈಟ್" ಅಂದ, ಬಸ್ ಬಿಟ್ಟಿತು.

"ಹೋಲ್ಡಾನ್!"

ಯಾರು ಒದರಿದ್ರು ಅಂತ ನಾನೂ ಹೊಳ್ಳಿ ನೋಡಿದೆ. ಎಲ್ಲಾರೂ ನನ್ನ ಕಡೆ ನೋಡಾಕ ಹತ್ತಿದ್ರು. ಬಸ್ಸು ನಿಂತಿತ್ತು. ಮೆಹರ್ ಬಾಯಿ ತಕ್ಕೊಂಡು ನಿಂತು, "ಅಲ್ಲಾ! ಸರೋಜಾ, ನಿನ್ನ ಹೊಟ್ಟ್ಯಾಗ ಇಷ್ಟು ದನಿ ಇತ್ತೇನ ಲೇ?" ಅಂದ್ಲು.

ನಾವಿಬ್ಬರೂ ಇಳದು ಓಡಿದ್ವಿ, ಹಿಂದಿಂದ ಬಸಪ್ಪನೂ ಇಳದ. ಮುದುಕಿನ್ನ ಹಿಡದು ರಸ್ತಾಕ್ಕ ತರೂದರಾಗ ಡಾಕ್ಟರ ಜೀಪು ಬಂತು, ಮೆಹರ್ ನಡು ರಸ್ತಾದಾಗ ನಿಂತು ಎರಡೂ ಕೈ ಎತ್ತಿ ತರುಬಿದ್ಲು. ಡಾಕ್ಟರು ಚೀಟಿ ನೋಡಿದ್ರು, ಬಸಪ್ಪನ ಕಡೆ ನೋಡಿದ್ರು. ಜೀಪಿನಾಗಿಂದ ಗಾಜಿನ ಪೆಟ್ಟಿಗಿ ತೆಗದು, ಮುಳುಗೂ ಹೊತ್ತಿನ ಬೆಳಕಿನಾಗ ಮುದುಕಿನ್ನ ಕಲ್ಲಿನ ಮ್ಯಾಲ ಕೂಡ್ರಿಸಿ ಒಂದೊಂದ ಗಾಜು ಹಿಡದ್ರು.

"ಈಗ?"

"ಆತ್ರಿ ಯಪ್ಪಾ."

"ಆತು ಅನಬ್ಯಾಡವ್ವಾ. ಈ ಹುಡುಗಿ ಮಾರಿ ಮ್ಯಾಲ ಏನೈತಿ ಹೇಳು."

ಮುದುಕಿ ತಲಿ ಅಲ್ಲಾಡಿಸಿದ್ಲು. ಇನ್ನೊಂದು ಗಾಜು, ಮತ್ತೊಂದು. ಆಮ್ಯಾಲ ಆಕಿ ಕುತ್ತಿಗಿ ಮುಂದ ಚಾಚಿ ನನ್ನ ನೋಡಿ ಅಂದ್ಲು, "ಕುಂಕುಮ. ಸೊಟ್ಟ ಹಚ್ಕೊಂಡಾಳ್ರೀ."

ಅಲ್ಲಿದ್ದವರೆಲ್ಲಾ ನಕ್ರು, ನಾನೂ ನಕ್ಕೆ. ಉಳಿದ "ನೋಡಿ" ಚೀಟಿಯವರನ್ನ ಮರುದಿನ ಊರಾಗ ಹುಡುಕಿ ಕರಸಿದ್ರು, ಎಲ್ಲಾರ ಕಣ್ಣೂ ಅಳದ್ರು.

ನೌಕರಿ ಮೆಹರಗ ಆತು.

ನಾ ಡಾಕ್ಟರ ಖೋಲಿಗೆ ಹೋದೆ. ಅಳು ಬಂದಿತ್ತು, ಆದ್ರ ಸಿಟ್ಟು ಅದಕ್ಕಿಂತ ಮುಂಚೆ ಬಂತು. "ಸರ್, ನನ್ನ ಪ್ರೋಗ್ರಾಂ ತಪ್ಪು ಮಾಡಿಲ್ರಿ. ನಂಬರಿಲ್ಲ ಅಂತ ಹೇಳಿತ್ತು. ಬಸಪ್ಪ ಕೇಳಲಿಲ್ಲ."

"ಖರೆ ಐತಿ ತಂಗಿ. ಹೇಳಿತ್ತು. ಆದ್ರ ಕೇಳಲಾರದಾಂವ ಅದನ್ನ ಬಿಟ್ಟು ಮುಂದ ಹೋಗಬಹುದಿತ್ತು. ಆಕಿ ಪ್ರೋಗ್ರಾಂ ನನ್ನ ಜೀವಾ ತಿಂತು, ಆದ್ರ ನಾ ಎದ್ದು ಹೋಗೂತನಕ ಬಿಡಲಿಲ್ಲ. ನನಗ ಅಂಥಾದ್ದು ಬೇಕು."

ಇಷ್ಟು ವರ್ಷ ಕಾಲೇಜಿನಾಗ ಹುಡುಗರಿಗೆ ಕಲಿಸಿದೆ. ಉತ್ತರ ಹಿಡಕೊಂಡು ಬರೂ ಪದ್ಧತಿ ಚೊಲೋನೋ, ಒದರೂ ಪದ್ಧತಿ ಚೊಲೋನೋ ಅಂತ ಅವರು ಈಗಲೂ ಜಗಳಾಡ್ತಾರ. ದಿನಾ ಬರೂ ಸಣ್ಣ ಇಲ್ಲ-ಹೌದಿಗೆಲ್ಲಾ ಒದರಬಾರದು, ಉತ್ತರ ತಗೊಂಡು ಹೋಗ್ರಿ ಅಂತೀನಿ. ಯಾವುದನ್ನ ಕೇಳಲಾರದ ಮುಂದ ಹೋದ್ರ ಒಬ್ಬರ ಕಣ್ಣು ಹೊಕ್ಕೈತೋ ಅಲ್ಲಿ ಬಸ್ ನಿಲ್ಲಸ್ರಿ ಅಂತೀನಿ. ಅದನ್ನ ನಾನ ಕಂಡುಹಿಡದಂಗ ಹೇಳತೀನಿ, ಮೆಹರ್ ಹೆಸರು ಎತ್ತಂಗಿಲ್ಲ. ಆಕಿಗೆ ನೌಕರಿ ಸಿಕ್ಕಿತಲ್ಲ, ಸಾಕು.

ಅದ ವರ್ಷ ಸಂಕ್ರಾಂತಿ ಆಗಿ ನಾಕು ದಿನಕ್ಕ ಶಿರಹಟ್ಟಿಯವರು ಬಂದ್ರು. ಪಡಸಾಲ್ಯಾಗ ಹಿರೇರು, ಅಡಗಿ ಮನ್ಯಾಗ ನಾ ಮತ್ತ ಅವ್ವ. ಅವ್ವಗ ಅವತ್ತ ಮುಂಜಾನಿಯೂ ಅಂದಿದ್ದೆ, "ಬ್ಯಾಡವ್ವಾ." "ಆತು, ಸೀರಿ ಉಟ್ಕೋ" ಅಂದಿದ್ಲು. ಹೊರಗ ಚಾ ಆತು, ಮಾತಾತು. ಹುಡುಗನ ಕಾಕಾ ಕೇಳಿದ, "ಹಂಗಾರ ಮಾಸ್ತರ್ರ, ನಿಮ್ಮ ಕಡೆಯಿಂದ ಆತಲ್ಲ? ಹುಡುಗೀನ್ನ ಕೇಳೀರೇನು?"

"ಕೇಳೂದೇನ್ರಿ, ಆಕೀದು ಹೂಂ ಐತಿ," ಅಂದ ಅಪ್ಪ. "ನಮ್ಮ ಕಡೆಯಿಂದ ಆ..."

"ಹೋಲ್ಡಾನ್!"

ಅವ್ವನ ಕೈಯಾಗಿನ ತಾಟು ಅಲ್ಲೇ ನಿಂತಿತು. ಅಪ್ಪ ಎದ್ದು ಒಳಗ ಬಂದ, ನನ್ನ ಮುಂದ ನಿಂತ. ಸಿಟ್ಟಿಲೆ ಬಂದಾನ ಅಂತ ನಾ ಗ್ವಾಡಿಗೆ ಆನಿಕೊಂಡೆ. ಅಂವಗ ಸಿಟ್ಟು ಇರಲಿಲ್ಲ, ಗಾಬರಿ ಇತ್ತು.

"ಏನಾತವ್ವಾ? ಹೇಳು," ಅಂದ. ಅಪ್ಪ ಏನರ ಕೇಳಿ, ನಾ ಉತ್ತರ ಕೊಡೂತನಕ ಕಾದಿದ್ದು ಅದ ಮೊದಲು.

"ನನಗ ಆಗಿಲ್ರಿ ಅಪ್ಪಾ," ಅಂದೆ. ಸಣ್ಣ ದನಿಯಾಗ ಅಂದೆ, ಕೇಳಿಸ್ತು.

ಅಪ್ಪ ಹೊರಗ ಹೋಗಿ ಅವರಿಗೆ ಕೈ ಮುಗದ.

ಆ ದವಾಖಾನಿಯಾಗ ಮೆಹರ್ ಬರದ ಪ್ರೋಗ್ರಾಂ ಭಾಳ ವರ್ಷ ಓಡಿತು ಅಂತಾರ. ಓಡಲಿ. ಆಕಿಗೆ ಹೊಟ್ಟಿ ಉರಕೊಳ್ಳೂದು ನಾ ಬಿಡಂಗಿಲ್ಲ. ನನ್ನ ಜೀವನದಾಗ ನಾ ಒದರಿದ್ದು ಎರಡ ಸರ್ತಿ. ಎರಡೂ ಸರ್ತಿ ಬಾಯಿಂದ ಬಂದಿದ್ದು ಆಕಿ ಮಾತು, ಆಕಿ ದನಿ. ಇವತ್ತಿಗೂ ಅದನ್ನ ಆಕಿಗೆ ವಾಪಸ್ ಕೊಟ್ಟಿಲ್ಲ.